ನೂರು ರೂಪಾಯಿ ರಾಯಧನದ ಕಾನೂನುಬದ್ಧ ಪಾವತಿ

ದಾಂಡೇಲಿಯ ಕಾಳಿತೀರ ಪ್ಲೈವುಡ್ ಕಂಪನಿಯು ೧೯೮೧ರಲ್ಲಿ ಒಂದು ದಿನವೂ ಕಾನೂನು ಮುರಿಯಲಿಲ್ಲ.

ಅದರ ರೇಡಿಯೊ ಜಾಹೀರಾತಿಗೆ ಹಳಿಯಾಳ ತಾಲೂಕಿನ ಮಾನ್ವೆಲ್ ಸಿದ್ದಿ ತನ್ನ ಡಮಾಮಿ ಡೋಲು ಬಾರಿಸಿಕೊಟ್ಟಿದ್ದ. ರಾಯಧನ ನೂರು ರೂಪಾಯಿ ಎಂದು ಕರಾರಾಗಿತ್ತು. ರೆಕಾರ್ಡಿಂಗಿನಲ್ಲೇ ಡಮಾಮಿಯ ಚರ್ಮ ಹರಿಯಿತು. ಕ್ರಿಸ್‌ಮಸ್ ಕುಣಿತದ ಹೊತ್ತಿಗೆ ಹೊಸ ಚರ್ಮ ಹಾಕಿಸಲೇಬೇಕೆಂದು ಹೆಂಡತಿ ಮಾರ್ಗರೀಟಾ ದಿನಕ್ಕೆರಡು ಸಲ ನೆನಪಿಸುತ್ತಿದ್ದಳು.

ರಾಯಧನವನ್ನು ಕ್ಯಾಂಟೀನಿನ ಗಳಿಕೆಯಿಂದಲೇ ಕೊಡತಕ್ಕದ್ದೆಂಬುದು ಕಂಪನಿಯ ನಿಯಮ. ಕ್ಯಾಂಟೀನಿನಲ್ಲಿ ರಿಯಾಯಿತಿ ಚಹಾಕ್ಕೆ ಐದು ಪೈಸೆ. ಹೀಗಾಗಿ ಐದು ಪೈಸೆಯ ಎರಡು ಸಾವಿರ ನಾಣ್ಯಗಳ ಚೀಲ ಮೇಜಿನ ಮೇಲೆ ಬಂತು. ಮಾನ್ವೆಲ್ ಅದನ್ನು ಎತ್ತಲು ಹೋದಾಗ ಅಕೌಂಟಂಟ್ ಶಿವಲಿಂಗಪ್ಪನವರು ಗಾಬರಿಯಿಂದ ಕೈ ಹಿಡಿದರು.

“ಒಂದು ರೂಪಾಯಿ ಮ್ಯಾಲಿನ ಚಿಲ್ಲರೆ ತಗೋ ಅಂತ ನಿನಗ ಯಾರೂ ಒತ್ತಾಯ ಮಾಡೂ ಹಂಗಿಲ್ಲಪಾ. ಕಾಯ್ದೆ ಐತಿ.”

“ಒತ್ತಾಯ ಎಲ್ಲೈತ್ರಿ ಸಾಹೇಬ್ರ? ನಾನಽ ಖುಷೀಲೆ ಹೊತ್ಕೊಂಡು ಹೊಂಟೇನಿ.”

“ನಿನ್ನ ಖುಷಿಗೆ ಫಾರ್ಮಿನ್ಯಾಗ ಕಾಲಂ ಇಲ್ಲ.”

ಕಲಾವಿದರ ಹಿತರಕ್ಷಣೆಗಾಗಿ ದಿನಕ್ಕೆ ಒಂದು ರೂಪಾಯಿ ಮಾತ್ರ, ಅದೂ ಖುದ್ದು ಹಾಜರಾದವರಿಗೆ ಎಂದು ಸುತ್ತೋಲೆ ಹೊರಟಿತು. ಊರಿಂದ ಬಂದುಹೋಗುವ ಬಸ್ಸಿಗೆ ಒಂದೂವರೆ ರೂಪಾಯಿ. ಕಂಪನಿಗೆ ಕನಿಕರ ಹುಟ್ಟಿ, ಕಟ್ಟಿಗೆ ಶೆಡ್ಡಿನಲ್ಲಿ ಮಲಗಲು ಜಾಗ ಕೊಟ್ಟಿತು. ಬಾಡಿಗೆ ದಿನಕ್ಕೆ ಒಂದು ರೂಪಾಯಿ.

ದಿನಾ ಬೆಳಿಗ್ಗೆ ಹತ್ತಕ್ಕೆ ಶಿವಲಿಂಗಪ್ಪನವರು ಇಪ್ಪತ್ತು ನಾಣ್ಯ ಎಣಿಸಿ ಕೊಡುವರು. ಮಾನ್ವೆಲ್ ಸಹಿ ಹಾಕಿ, ಅವನ್ನೇ ಬಾಡಿಗೆಯೆಂದು ಎಣಿಸಿ ಹಿಂದಿರುಗಿಸುವನು. ಅದಕ್ಕೊಂದು ರಸೀದಿ ಸಿಗುವುದು. ಮಾರ್ಗರೀಟಾ ಸಂತೆಗೆ ಹೋಗುವವರ ಕೈಯಲ್ಲಿ ರೊಟ್ಟಿ ಕಳಿಸುವಳು. ಒಮ್ಮೆ ಒಂದು ನಾಣ್ಯ ಕಪಾಟಿನ ಸಂದಿಗೆ ಬಿದ್ದು, ಮಧ್ಯಾಹ್ನದವರೆಗೆ ಇಡೀ ಆಫೀಸಿನ ಕೆಲಸ ನಿಂತಿತು. ಇಂಥ ಶಿಸ್ತು ಕಂಡರೆ ನನಗಂತೂ ಕಣ್ಣು ತುಂಬಿ ಬರುತ್ತದೆ.

ನೂರನೆಯ ದಿನ ಹಾರ ಹಾಕಿ, ಫೋಟೋ ತೆಗೆಸಿ, ರಾಯಧನ ಪೂರ್ತಿ ಸಂದಾಯವಾಯಿತೆಂದು ಘೋಷಿಸಲಾಯಿತು.

ಮನೆಯಲ್ಲಿ ಮಾರ್ಗರೀಟಾ ಚರ್ಮ ಎಲ್ಲಿ ಎಂದಳು. ಮಾನ್ವೆಲ್ ನೂರು ರಸೀದಿ ಮುಂದಿಟ್ಟ. ಅವಳಿಗೆ ಅಳು ಬಂತು. ಅತ್ತು ಮುಗಿಸಿ, ಹಿಟ್ಟಿನ ಅಂಟು ಕಾಯಿಸಿ, ಹರಿದ ಡಮಾಮಿಗೆ ಒಂದರ ಮೇಲೊಂದು ನೂರೂ ರಸೀದಿ ಮೆತ್ತಿದಳು. ಕ್ರಿಸ್‌ಮಸ್ ದಿನ ಡಮಾಮಿ ಮರದ ಹಲಗೆ ಬಡಿದಂತೆ ಸದ್ದು ಮಾಡಿತು. ಜನ ಕುಣಿದರು.

ಸುದ್ದಿ ಕೇಳಿ ಕಂಪನಿಯವರು ಓಡಿ ಬಂದರು. ಇದು ಅಪ್ಪಟ ಪ್ಲೈವುಡ್ಡಿನ ದನಿ ಎಂದು ಮೆಚ್ಚಿ, ಹೊಸ ಕರಾರು ಮಾಡಿಕೊಂಡರು. ರಾಯಧನ ಇನ್ನೂರು ರೂಪಾಯಿ.

“ಈ ಸಲ ಇನ್ನೂರು ದಿನ,” ಎಂದಳು ಮಾರ್ಗರೀಟಾ. “ಕಂಬಳಿ ಎರಡು ತಗೊಂಡು ಹೋಗ್ರಿ.”

ಮಾನ್ವೆಲ್ ಕಂಬಳಿ ಮಡಚಿದ. ಅತ್ತ ಶಿವಲಿಂಗಪ್ಪನವರು ಅವೇ ಇಪ್ಪತ್ತು ನಾಣ್ಯಗಳನ್ನು ತೊಳೆದು, ಒರೆಸಿ ಇಟ್ಟಿದ್ದರು.