ನಮ್ಮ ಮಾವನ ದನಿಯಲ್ಲಿ ಮಳೆ ಬರಿಸಿದ ಅಡಗು ಸಹಾಯಕರಿಗೆ

ಮಾನ್ಯರೇ,

ತಾವು ಅಡಗಿರುವ ಜಾಗದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ; ಇಲ್ಲವೆಂದಾದರೆ ಇನ್ನೂ ಸಂತೋಷ. ತಮ್ಮ ನಿಜವಾದ ಹೆಸರು ಕಂಪ್ಯೂಟರಿನ ಹೊಟ್ಟೆಯೊಳಗೆ ಬಸ್ಸಿನಷ್ಟು ಉದ್ದದ ಸಾಲಿನಲ್ಲಿ ಬರೆದಿದೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾನೆ. ಆದ್ದರಿಂದ ಯಾರೂ ಕೇಳದಿದ್ದರೂ ಪ್ರತಿ ಕಂಪ್ಯೂಟರಿನಲ್ಲೂ ತಮ್ಮಂಥ ಪ್ರೋಗ್ರಾಮುಗಳನ್ನು ತುಂಬಿ ಕಳಿಸುವ ಕಂಪನಿಯವರು ಪ್ರೀತಿಯಿಂದ ಕರೆಯುವಂತೆ ತಮ್ಮನ್ನು 'ಸಹಾಯಕರು' ಎಂದೇ ಕರೆಯುತ್ತೇನೆ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದವನು, ಮೊಬೈಲು-ಕಂಪ್ಯೂಟರು ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವವನು, ಸಾಕಿ ಬೆಳೆಸಿದ ಸೋದರಮಾವನನ್ನೇ ಏಕವಚನದಲ್ಲಿ ಮಾತಾಡಿಸುವವನು. ತಮಗೆ ಬಹುವಚನ ಹಾಕುತ್ತಿರುವುದು ನಾಲ್ಕು ಜನ ಓದುವ ಪತ್ರ ಎಂಬ ಒಂದೇ ಕಾರಣಕ್ಕೆ. ಎದುರಿಗೆ ಸಿಕ್ಕಿದರೆ ವ್ಯಾಕರಣ ಬೇರೆ ಇರುತ್ತದೆ.

ನಮ್ಮ ಮಾವನ ಪರಿಚಯ ತಮಗೆ ಇರಬೇಕಿತ್ತು, ಅವನ ಬಾಯಲ್ಲೇ ಅಷ್ಟು ದಿನ ವಾಸವಿದ್ದಿರಲ್ಲ. ಆದರೂ ಹೇಳುತ್ತೇನೆ. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು, ಜನ ಕರೆಯುವುದು 'ಕಹಳೆ' ಎಂದು. ಅವನು ಅಲ್ಲಿ ಬೆಲೆ ಕೂಗಿದರೆ ಎರಡು ಬೀದಿ ಆಚೆ ಅಡುಗೆಮನೆಯಲ್ಲಿದ್ದ ಅತ್ತೆಗೆ ಇವತ್ತು ಯಾವ ತರಕಾರಿ ಅಗ್ಗ ಎಂದು ತಿಳಿಯುತ್ತಿತ್ತು. ಅಂಥವನ ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟರು ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಮಾವ ಬಾಯಿ ತೆರೆದರೆ ಬರುವುದು ಬರೀ ಗಾಳಿ. ಆಗ ನಾನು ಅಂಗಡಿಗೆ ಬಂದಿದ್ದ ಒಂದು ಹಳೆಯ ಪುಟ್ಟ ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರ್ ಕಟ್ಟಿ ಕೊಟ್ಟೆ. ಮಾವ ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತದೆ. 'ಒಂದು ಸಲ', 'ಎರಡು ಸಲ', 'ಮೂರು ಸಲ', 'ಕೈ ಕೆಳಗಿಳಿಸಪ್ಪ ಸಾಕು' ಇವಕ್ಕೆಲ್ಲ ಒಂದೊಂದು ಗುಂಡಿ. ಕಂಪನಿಯವರು ನಮ್ಮ ಭಾಷೆಗೆ ದಯಪಾಲಿಸಿರುವುದು ಒಂದು ಗಂಡು ದನಿ, ಒಂದು ಹೆಣ್ಣು ದನಿ. ಮಾವ ಗಂಡು ದನಿ ಆರಿಸಿಕೊಂಡ. ತಮಗೂ ಕಂಪನಿ ಕೊಟ್ಟಿರುವುದು ಅದೇ ದನಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಮೊದಲ ದಿನ ಮಂಡಿಯೆಲ್ಲ ನಕ್ಕಿತು. ಆಮೇಲೆ ಪೆಟ್ಟಿಗೆಯಿಂದ ಬಂದದ್ದೆಲ್ಲ ಕಹಳೆಯ ಮಾತು ಎಂದು ಒಪ್ಪಿಕೊಂಡಿತು.

ಆ ಒಪ್ಪಿಗೆಯ ಮೇಲೆ ತಾವು ಕಾಲು ಚಾಚಿ ಮಲಗಿದಿರಿ. ಲ್ಯಾಪ್‌ಟಾಪಿನಲ್ಲಿದ್ದ ಜಾಗ ಅಂಗೈಯಷ್ಟು, ಅದನ್ನು ಬಿಚ್ಚಿ ದೊಡ್ಡದು ಹಾಕಲು ಬರುವುದಿಲ್ಲ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರಲ್ಲಿ ತಾವೂ ತಮ್ಮ ಬಂಧುಬಳಗವೂ ಮುಕ್ಕಾಲು ಪಾಲು ತುಂಬಿಕೊಂಡಿದ್ದರಿಂದ ಪ್ರತಿಯೊಂದು ಅಪ್‌ಡೇಟೂ ಒಳಗೆ ಬರಲಾಗದೆ ಬಾಗಿಲಲ್ಲಿ ಸಿಕ್ಕಿಕೊಂಡು, ಯಂತ್ರ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಒಂದು ಬೆಳಿಗ್ಗೆ ಈರುಳ್ಳಿಗೆ ಬೆಲೆ ಏರುತ್ತಿರುವಾಗ ಮಾವನ ದನಿಯಲ್ಲೇ "ಐದು ನಿಮಿಷದಲ್ಲಿ ಮತ್ತೆ ಶುರುವಾಗುತ್ತದೆ" ಎಂದು ಘೋಷಿಸಿದಿರಿ. ಜನ ಪಾಪ, ಕಹಳೆಗೂ ಸುಸ್ತಾಗಿರಬೇಕು ಎಂದುಕೊಂಡು ಟೀ ಕುಡಿಯಲು ಹೋದರು. ತಮ್ಮ ಐದು ನಿಮಿಷ ಮುಗಿಯುವಷ್ಟರಲ್ಲಿ ಖರೀದಿದಾರರು ಪಕ್ಕದ ಮಂಡಿಯಲ್ಲಿ ಈರುಳ್ಳಿ ತುಂಬಿಸಿಕೊಂಡು ಮನೆ ಸೇರಿದ್ದರು. ಇಷ್ಟು ಚಿಕ್ಕ ಬಾಯಿಂದ ಇಷ್ಟು ದೊಡ್ಡ ಮಂಡಿಯನ್ನು ಖಾಲಿ ಮಾಡಿಸಿದ ತಮ್ಮ ಸಾಮರ್ಥ್ಯವನ್ನು ಹೊಗಳಲು ನನಗೆ ಪದ ಸಾಲದು. ಇರುವ ಪದಗಳನ್ನು ಅಚ್ಚು ಹಾಕುವಂತಿಲ್ಲ.

ಆದರೆ ಅದು ಬರೀ ಪೀಠಿಕೆ. ತಮ್ಮ ನಿಜವಾದ ಪ್ರತಿಭೆ ಹೊಳೆದದ್ದು ಟೊಮೆಟೊ ಅಕ್ಕನ ಸರದಿಯಲ್ಲಿ. ಅಕ್ಕ ಸ್ವಂತ ತೋಟದ್ದೂ ಅಕ್ಕಪಕ್ಕದವರದ್ದೂ ಸೇರಿಸಿ ಒಂದು ಲಾರಿ ಹಣ್ಣು ತಂದು ಬಯಲಿನಲ್ಲಿ ಇಳಿಸಿದ್ದಳು, ಮೇಲೆ ಹೊದಿಸಲು ಟಾರ್ಪಾಲೂ ಇರಲಿಲ್ಲ. ಮಾವ "ಒಂದು ಸಲ" ಗುಂಡಿ ಒತ್ತಿದ. ಸ್ಪೀಕರು "ಒಂದು ಸಲ" ಎಂದಿತು. ಅದರ ಬೆನ್ನಿಗೇ, ಯಾರೂ ಕೇಳದೆ, ಯಾರೂ ಕರೆಯದೆ, ಅದೇ ದನಿಯಲ್ಲಿ, ಅದೇ ಗತ್ತಿನಲ್ಲಿ, "ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಂಭವವಿದೆ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅಕ್ಕ ಆಕಾಶ ನೋಡಿದಳು, ಹಣ್ಣು ನೋಡಿದಳು, ಹೆದರಿ ಬಂದ ಬೆಲೆಗೆ ಕೊಟ್ಟುಬಿಟ್ಟಳು. ಮಳೆಯಿರಲಿ, ಒಂದು ಹನಿ ಬೆವರೂ ಮೇಲಿಂದ ಬೀಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಅವಳಿಗೆ ಉಳಿದದ್ದು ಒಂದೇ ಯೋಚನೆ: ಕೊಳ್ಳುವವರ ಹತ್ತಿರ ಕಹಳೆ ಎಷ್ಟು ತಿಂದಿದ್ದಾನೆ?

"ಗಂಟಲು ಹೋದ್ರೂ ಬುದ್ಧಿ ಹೋಗ್ಲಿಲ್ಲ ನೋಡಿ ಇವನಿಗೆ! ಬೇಕಾದಾಗ ಮಳೆ ಬರಿಸ್ತಾನೆ!" ಎಂದು ಅವಳು ಮಂಡಿಯ ನಡುವೆ ನಿಂತು ಕೂಗಿದಾಗ ಹಮಾಲರೂ ತಲೆಯಾಡಿಸಿದರಂತೆ. ಮಾವ ಇಲ್ಲ ಎಂದು ಟೈಪ್ ಮಾಡಿದ. ಅದನ್ನೂ ಅದೇ ದನಿ ಓದಿತು. ಸುಳ್ಳು ಹೇಳಿದ ಬಾಯೇ ನಾನು ಸುಳ್ಳು ಹೇಳಿಲ್ಲ ಎಂದರೆ ಯಾರು ನಂಬುತ್ತಾರೆ, ತಾವೇ ಹೇಳಿ. ಮಂಡಿ ಅಧ್ಯಕ್ಷರು ವಿಚಾರಣೆ ಆಗುವವರೆಗೂ ಹರಾಜಿನ ಕಟ್ಟೆ ಹತ್ತಬೇಡ ಎಂದರು. ಅಷ್ಟು ವರ್ಷ ಒಂದು ತೂಕ ತಪ್ಪು ಹೇಳದವನನ್ನು, ಮಾತೇ ಇಲ್ಲದವನನ್ನು, ಆಡಿದ ಮಾತಿಗಾಗಿ ಮನೆಯಲ್ಲಿ ಕೂರಿಸಿದರು. ಈ ಸಾಧನೆಗೆ ತಮಗೆ ಶಾಲು ಹೊದಿಸಬೇಕು. ಹೆಗಲಿದ್ದರೆ ತೋರಿಸಿ.

ಸರಿ, ತಮ್ಮನ್ನು ತೆಗೆದುಹಾಕೋಣ ಎಂದು ಹೊರಟೆ. ಏನು ವಿನಯ ತಮ್ಮದು! ತೆಗೆಯಬಹುದಾದವುಗಳ ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲ. ಸೆಟ್ಟಿಂಗಿಗೆ ಹೋಗಿ ಬಾಯಿ ಮುಚ್ಚಿಸಿದರೆ ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಬಾಯಿ ಬಿಡುತ್ತೀರಿ. ಇಂಟರ್ನೆಟ್ ಕಿತ್ತುಹಾಕೋಣ ಎಂದರೆ ದಿನದ ಸರಕಿನ ವಿವರ ಮಂಡಿ ಕಚೇರಿಯಿಂದ ಅದರಲ್ಲೇ ಬರಬೇಕು. ಬಳ್ಳಿ ಕಿತ್ತು ಪ್ರಯೋಜನವಿಲ್ಲ, ಬೀಜದಲ್ಲೇ ನೋಡಿಕೊಳ್ಳಬೇಕು ಎಂದು ಕಂಪ್ಯೂಟರಿಗೆ ಹೊಸದಾಗಿ ಎಲ್ಲವನ್ನೂ ತುಂಬುವ ಆ ದೊಡ್ಡ ಇನ್‌ಸ್ಟಾಲ್ ಫೈಲನ್ನೇ ತಂದು, ಟ್ರಂಕಿನ ಹಾಗೆ ಮುಚ್ಚಳ ತೆಗೆದು ಒಳಗೆ ಕೈ ಹಾಕಿದೆ. ಅಲ್ಲಿ ತಮ್ಮ ಬಳಗದ ಒಬ್ಬೊಬ್ಬರ ಹಣೆಯ ಮೇಲೂ 'ಕಾಣಿಸಬೇಡ', 'ಕಾಯಂ' ಎಂದು ಗುರುತು. ಆ ಗುರುತು ಅಳಿಸಿದ ಕೂಡಲೇ ಮಹನೀಯರು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಯಾರೂ ಕಳಿಸದ ಫ್ಯಾಕ್ಸಿಗೆ ಕಾದು ಕೂತವರೊಬ್ಬರು. ಮಾವ ಮುಂದೊಂದು ದಿನ ತಲೆಗೆ ಕಟ್ಟುವ ಮಾಯಾ ಕನ್ನಡಕ ಕೊಂಡರೆ ಸ್ವಾಗತಿಸಲೆಂದು ನಿಂತವರೊಬ್ಬರು. ಅವನು ಆಡದ ಆಟದಲ್ಲಿ ಅವನು ಗಳಿಸದ ಅಂಕ ಬರೆಯುವ ಗುಮಾಸ್ತರೊಬ್ಬರು. ಇವರೆಲ್ಲರನ್ನೂ ಗೌರವಪೂರ್ವಕವಾಗಿ ಕಾಲರ್ ಹಿಡಿದು ಹೊರಗೆ ಹಾಕಿದೆ. ಕೊನೆಯಲ್ಲಿ ತಾವು ಸಿಕ್ಕಿದಿರಿ. ತಮ್ಮನ್ನು ಹಾಕಿದ್ದು ಮಾತ್ರ ಗೌರವವಿಲ್ಲದೆ. ಫೈಲು ಅರ್ಧಕ್ಕಿಂತ ಚಿಕ್ಕದಾಯಿತು, ಪೆನ್‌ಡ್ರೈವಿನಲ್ಲಿ ಆರಾಮಾಗಿ ಕೂತಿತು.

ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಬೀಗುತ್ತಾ ಮಾವನ ಮುಂದಿಟ್ಟೆ. ಯಂತ್ರ ಹಾರಿ ಎದ್ದು ಕೂತಿತು. ಮಾವ ಟೈಪ್ ಮಾಡಿದ. ಸದ್ದಿಲ್ಲ. ಇನ್ನೊಮ್ಮೆ ಮಾಡಿದ. ಇಲ್ಲ. ಹೋಗುವಾಗ ತಾವು ಮಾವನ ದನಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದಿರಿ. ಓದುವ ದನಿಯ ಫೈಲುಗಳನ್ನು ಕಂಪನಿಯವರು ತಾವಿದ್ದ ಗಂಟಿನೊಳಗೇ ಕಟ್ಟಿಟ್ಟಿದ್ದರು ಎಂದು ನನಗೇನು ಗೊತ್ತು? ಮಾವ ನನ್ನ ಮುಖ ನೋಡಿದ. ಬಾಯಿ ತೆರೆದ, ಗಾಳಿ ಬಂತು, ಮುಚ್ಚಿದ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಡಾಕ್ಟ್ರು ಒಂದು ಸಲ ತೆಗೆದ್ರು, ನೀನು ಎರಡನೇ ಸಲ ತೆಗೆದ್ಯಲ್ಲೋ, ಪಾಪಿ" ಎಂದಳು. ಆ ಮಾತು ನನಗೆ ಬೀಳಬೇಕಾದದ್ದಲ್ಲ, ತಮಗೆ ಬೀಳಬೇಕಾದದ್ದು, ಈ ಪತ್ರದ ಜೊತೆ ಕಳಿಸಿದ್ದೇನೆ, ತಲುಪಿದ್ದಕ್ಕೆ ಸಹಿ ಹಾಕಿ. ಮತ್ತೆ ತಮ್ಮ ಗಂಟು ಬಿಚ್ಚಿ, ಅದರಿಂದ ದನಿಯನ್ನು ಮಾತ್ರ ಬಿಡಿಸಿ ವಾಪಸ್ ಕೂರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ದನಿ ಬಂದ ಮೇಲೆ ಮಾವ ಮೊದಲು ಆಡಿಸಿದ ಮಾತು: "ಹುಡುಗನ್ನ ಬೈಬೇಡ್ವೇ."

ಇನ್ನು ವಿಚಾರಣೆ. ಅಧ್ಯಕ್ಷರ ಕೋಣೆಯಲ್ಲಿ ಟೊಮೆಟೊ ಅಕ್ಕ, ನಾಲ್ಕು ಹಮಾಲರು, ಮಾವ, ನಾನು. ಸಣಕಲಾದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ನೋಡಿ ಸ್ವಾಮಿ, ಇದು ಟೈಪ್ ಮಾಡಿದ್ದನ್ನು ಬಿಟ್ಟು ಇನ್ನೇನೂ ಆಡುವುದಿಲ್ಲ ಎಂದು ಎದೆ ಉಬ್ಬಿಸಿ ಹೇಳಿದೆ. ಅದು ಆಡಲೂ ಇಲ್ಲ. ಅಧ್ಯಕ್ಷರು ಬಹಳ ಹೊತ್ತು ಕೇಳಿಸಿಕೊಂಡು, "ಈಗ ಸುಮ್ನಿದೆ, ಸರಿ. ಅವತ್ತು ಮಾತಾಡಿದ್ದು ಯಾರು ಅಂತ ಇದ್ರಿಂದ ಹೇಗಪ್ಪ ಗೊತ್ತಾಗುತ್ತೆ?" ಎಂದರು. ಮಾವನ ಪರವಾಗಿ ಇದ್ದದ್ದು ಒಬ್ಬರೇ ಸಾಕ್ಷಿ, ಆ ಸಾಕ್ಷಿಯನ್ನು ನಾನೇ ನನ್ನ ಕೈಯಾರೆ ಕಿತ್ತು ಎಸೆದಿದ್ದೆ. ಅದು ತಾವು.

ಅಧ್ಯಕ್ಷರ ಸ್ವಂತ ಕಂಪ್ಯೂಟರು ಅಲ್ಲೇ ಇತ್ತು, ಕಂಪನಿ ತುಂಬಿದ್ದನ್ನು ತುಂಬಿದ ಹಾಗೇ ಇಟ್ಟುಕೊಂಡಿದ್ದ ದಢೂತಿ. ಅದರಲ್ಲಿ ತಮ್ಮ ಅಣ್ಣನೋ ತಮ್ಮನೋ ಇದ್ದೇ ಇರುತ್ತಾರೆ, ಸ್ಪೀಕರ್ ಜೋರು ಮಾಡಿ ಕಾಯೋಣ ಎಂದು ಬೇಡಿಕೊಂಡೆ. ಕಾದೆವು. ಸಾವಿನ ಮನೆಯಲ್ಲೂ ಬಾಯಿ ಹಾಕುವ ತಾವು ಆವತ್ತು ಮೌನವ್ರತ! ಕರೆದೆ, ಗುಂಡಿ ಒತ್ತಿದೆ, ಮನಸ್ಸಿನಲ್ಲೇ ಕಾಲಿಗೆ ಬಿದ್ದೆ. ಒಬ್ಬ ಹಮಾಲ ಆಕಳಿಸಿದ. "ಏನೋ, ನಿನ್ನ ಸಾಕ್ಷಿ ನಿದ್ದೆ ಹೊಡೀತಿದೆಯಾ?" ಎಂದು ಅಕ್ಕ ಕೇಳಿದಳು. ಕೊನೆಗೆ ಅಧ್ಯಕ್ಷರು ಮೊದಲೇ ಬರೆದಿಟ್ಟಿದ್ದ ಕಾಗದ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, "ಆದ್ದರಿಂದ ಸದರಿ ಹರಾಜುಗಾರರನ್ನು ಇಂದಿನಿಂದ" ಎನ್ನುತ್ತಿದ್ದಂತೆ, ಇನ್ನೊಬ್ಬರು ಮಾತಾಡುವುದನ್ನು ತಡೆದುಕೊಳ್ಳಲಾಗದ ತಮ್ಮ ದೊಡ್ಡ ಗುಣ ಎಚ್ಚೆತ್ತಿತು. "ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಂಭವವಿದೆ." ಅದೇ ದನಿ. ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಮಾವನ ಎರಡೂ ಕೈ ತೊಡೆಯ ಮೇಲೆ ಅಲ್ಲಾಡದೆ ಇದ್ದವು.

ಅಕ್ಕ ಆ ಕೈ ನೋಡಿದಳು. ಅಧ್ಯಕ್ಷರ ಕಂಪ್ಯೂಟರು ನೋಡಿದಳು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ನಿನ್ನ ಬಾಯಿಗೆ ಮಣ್ಣು ಹಾಕ! ಇವನೇ, ಇವನೇ ಕಣ್ರೀ ಅವತ್ತು ಮಾತಾಡಿದ್ದು!" ಎಂದು ಪರದೆಗೆ ಬೆರಳು ಚುಚ್ಚಿದಳು. ಅಧ್ಯಕ್ಷರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಅವಳು ಸಿಟ್ಟನ್ನು ಮಾವನ ಕಡೆ ತಿರುಗಿಸಿದಳು: "ನಾನಲ್ಲ ಅಂತ ಅವತ್ತೇ ಕೈ ಎತ್ತಿ ತೋರ್ಸೋಕೆ ಏನಾಗಿತ್ತು ನಿಂಗೆ?"

ಮಾವ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಎರಡು ಬೆರಳಲ್ಲಿ ನಿಧಾನವಾಗಿ ಟೈಪ್ ಮಾಡಿದ. ಅದು ಹೇಳಿತು: "ಎತ್ತಿದ್ದೆ ಕಣಮ್ಮ. ನೀನು ಆಕಾಶ ನೋಡ್ತಿದ್ದೆ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾಳೆ ಮೊದ್ಲು ನನ್ ಸರಕು ಕೂಗು, ಮಿಕ್ಕಿದ್ದು ಆಮೇಲೆ" ಎಂದಷ್ಟೇ ಹೇಳಿ ಹೋದಳು. ಮಾರನೆಯ ಬೆಳಿಗ್ಗೆ ಮಾವ ಕಟ್ಟೆ ಹತ್ತಿದ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆಗಳು. ಮೊದಲಿಗೆ, ಅಕ್ಕನ ಹಣ್ಣು ಬಿಸಿಲಲ್ಲಿ ಬಾಡುತ್ತಾ ಕಾದಷ್ಟು ಹೊತ್ತು ತಾವೂ ಅದೇ ಬಯಲಿನಲ್ಲಿ ಟಾರ್ಪಾಲಿಲ್ಲದೆ ನಿಂತುಕೊಳ್ಳಬೇಕು. ಹೇಳಿದ ಮಳೆಯನ್ನು ತಡವಾಗಿಯಾದರೂ ತಂದು ಕಂಪನಿಯ ಮುಖ್ಯ ಕಚೇರಿಯ ಒಳಗೆ ಮಾತ್ರ ಸುರಿಸಬೇಕು. ಮಾತಾಡಲೇಬೇಕೆಂಬ ತುರಿಕೆ ಇದ್ದರೆ ತಮ್ಮದೇ ಒಂದು ಗಂಟಲು ಸಂಪಾದಿಸಿಕೊಳ್ಳಬೇಕು. ಅದಕ್ಕೆ ಏನು ಬೆಲೆ ಕಟ್ಟಬೇಕಾಗುತ್ತದೆ ಎಂದು ನಮ್ಮ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಲಿತಿದ್ದಾಳೆ, ಬಿಡುವಿದ್ದಾಗ ಬಂದು ಕೇಳಿ. ಮನುಷ್ಯನಿಗೆ ಉಳಿದಿರುವುದು ಒಂದೇ ದನಿ ಎಂದಾದಾಗ ಅದರೊಳಗೆ ಬಾಡಿಗೆಯಿಲ್ಲದೆ ಬಂದು ಕೂರುವವರನ್ನು ನಮ್ಮ ಬೀದಿಯಲ್ಲಿ ಸಹಾಯಕರು ಎನ್ನುವುದಿಲ್ಲ. ಏನೆನ್ನುತ್ತಾರೆ ಎಂಬುದನ್ನು ಬಹುವಚನದಲ್ಲಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ತಾವು ಇಲ್ಲದಿರುವುದರಿಂದ ಸುಖವಾಗಿರುವ,
ತಮ್ಮ ವಿಶ್ವಾಸಿ,
ಕಹಳೆಯ ಸೋದರಳಿಯ

ತಾ.ಕ.: ಅಧ್ಯಕ್ಷರಿಗೆ ನಿಮ್ಮ ಕಂಪ್ಯೂಟರಿನಿಂದಲೂ ಇವರನ್ನು ತೆಗೆದುಕೊಡಲೇ ಎಂದು ಕೇಳಿದೆ. ಬೇಡ ಎಂದರು. ಬೆಳಿಗ್ಗೆ ಬಂದು ಕೂತ ಕೂಡಲೇ ಹೆಸರು ಹಿಡಿದು "ಶುಭೋದಯ, ನೀವು ಇಂದು ತುಂಬ ಉತ್ಸಾಹದಿಂದಿದ್ದೀರಿ" ಎನ್ನುವುದು ಆ ಕಚೇರಿಯಲ್ಲಿ ತಾವೊಬ್ಬರೇ ಅಂತೆ. ಅದನ್ನು ಮಾವನಿಗೆ ಹೇಳಿದೆ. "ನನ್ನನ್ನು ಮನೆಗೆ ಕಳಿಸಿದವನಿಗೆ ನನ್ನ ದನಿಯಲ್ಲಿ ದಿನಾ ಶುಭೋದಯವಾ?" ಎಂದು ಅವನು ಗುಂಡಿಗಳು ಮುರಿಯುವಂತೆ ಟೈಪ್ ಮಾಡಿದ. ಈಗ ನಮ್ಮ ಮಂಡಿಯಲ್ಲಿ ಕಹಳೆ ಹೆಣ್ಣು ದನಿಯಲ್ಲಿ ಹರಾಜು ಕೂಗುತ್ತಾನೆ, ಕೊಳ್ಳುವವರು ಎದುರು ಮಾತಾಡದೆ ಬೆಲೆ ಏರಿಸುತ್ತಾರೆ. ಗಂಡು ದನಿಯನ್ನು ಪೂರ್ತಿ ತಮಗೇ ಬಿಟ್ಟುಕೊಟ್ಟಿದ್ದೇವೆ. ಅಧ್ಯಕ್ಷರನ್ನು ಹೊಗಳುವ ಕೆಲಸಕ್ಕೆ ನಮ್ಮ ಮನೆಯವರು ಯಾರೂ ಬರುವುದಿಲ್ಲ.