ಚಾಚಾನ ಮಷೀನಿಗೆ ಉಸಿರು ಕಟ್ಟಿದ್ದು

ಜತ್ತದಲ್ಲಿ ಪಂಪು, ಸ್ಪ್ರೇ ಮಷೀನು ರಿಪೇರಿ ಮಾಡುತ್ತ ಕೂತು ನನಗೆ ಬಹಳ ವರ್ಷಗಳಾದವು. ಕೆಟ್ಟ ಇಂಜಿನ್ ನೋಡಿ ನಾನು ಬೆರಗಾಗುವುದಿಲ್ಲ. ಅದು ಕೆಟ್ಟ ಕಾರಣ ತಿಳಿದಾಗ ಮಾತ್ರ ಇವತ್ತಿಗೂ ಬಾಯಿ ತೆರೆದುಕೊಂಡು ನಿಲ್ಲುತ್ತೇನೆ. ಅದರಲ್ಲೂ ಸೋನ್ಯಾಳದ ಚಾಚಾನ ಮರ ಕೊಯ್ಯುವ ಮಷೀನು! ಒಂದೇ ಮಷೀನು ಒಬ್ಬ ಮನುಷ್ಯನಿಗೆ ಎಷ್ಟು ಸಲ ಅಚ್ಚರಿ ಕೊಡಬಹುದು?

ಸಿಟ್ಟಿನ ಮಷೀನು

ತೊಂಬತ್ತರ ದಶಕದ ಕೊನೆಯ ಮಾತು. ಚಾಚಾ ಕಟ್ಟಿಗೆ ವ್ಯಾಪಾರಿ. ಕೊಡಲಿ, ಕರಗಸ ಬಿಟ್ಟು ಆ ಮಷೀನು ತಂದಾಗ ಊರೇ ನೆರೆಯಿತು. ಚಾಲೂ ಮಾಡಿಕೊಡಲು ನಾನೂ ಹೋಗಿದ್ದೆ. ಇಬ್ಬರು ಆಳು ಅರ್ಧ ದಿನ ಬೆವರು ಸುರಿಸುತ್ತಿದ್ದ ಜಾಲಿಯ ಬೊಡ್ಡೆ ನೋಡನೋಡುತ್ತ ಎರಡಾಯಿತು. ನನ್ನ ಮೈಮೇಲೂ ಮುಳ್ಳೆದ್ದವು, ಸುಳ್ಳೇಕೆ ಹೇಳಲಿ.

"ಮಿಸ್ತ್ರಿ, ಇದು ಚಲೋ ನಡದ್ರ ಮಗಳ ನಿಕಾಹ್ ಆದಂಗ ತಿಳೀರಿ," ಅಂದ ಚಾಚಾ. ಮದುವೆಯ ಭಾರವೆಲ್ಲ ಆ ಮಷೀನಿನ ಮೇಲಿತ್ತು.

ಅವನ ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಆಯಿ, ಹತ್ತಿರ ಬಂದು ಕೇಳಿದಳು: "ಎಷ್ಟ್ ಸಿಟ್ಟೋ ಯಪ್ಪಾ ಇದಕ್ಕ! ಏನ್ ಕುಡಸ್ತೀರಿ?"

"ಪೆಟ್ರೋಲ್ ರೀ ಆಯಿ."

"ಮತ್ತ ಸಿಟ್ಟ್ ಬರದ ಏನಾಗತೈತಿ! ನಡುನಡುವ ಒಂದಿಷ್ಟ್ ಮಜ್ಜಿಗಿ ಕುಡಸ್ರಿ."

ಬೀಗರ ಉಪಚಾರ

ಕೆಲವು ತಿಂಗಳಲ್ಲೇ ಮಷೀನು ನನ್ನ ಅಂಗಡಿಗೆ ಬಂತು. ದಮ್ಮಿಲ್ಲ, ಹೊಗೆ ಮಾತ್ರ ಇಟ್ಟಿಗೆ ಭಟ್ಟಿಯಷ್ಟು. ಪ್ಲಗ್ ಬಿಚ್ಚಿದರೆ ಕಾಡಿಗೆ ಬಳಿದಂತಿತ್ತು. ಪೆಟ್ರೋಲಿಗೆ ಇಷ್ಟೇ ಆಯಿಲ್ ಬೆರೆಸಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ.

"ಆಯಿಲ್ ಎಷ್ಟ್ ಹಾಕ್ತೀರಿ ಚಾಚಾ?"

"ನೀವ್ ಹೇಳಿದಷ್ಟ. ಮ್ಯಾಲ ಒಂದಿಷ್ಟು."

"ಮ್ಯಾಲ ಯಾಕ್ರಿ?"

"ಬೀಗರು ಸಾಕು ಅಂದ್ರೂ ತುಪ್ಪಾ ಬಡಸ್ತೀವಿಲ್ಲೋ? ಮಗಳ ಲಗ್ನಾ ಮಾಡೂ ಮಷೀನಿಗೆ ಅಳದ್ ಹಾಕ್ಲೇನ್ರಿ?"

ನಮ್ಮ ಕಡೆ ಬಡಿಸುವ ಕೈಗೆ 'ಸಾಕು' ಎಂಬ ಮಾತು ಕೇಳಿಸುವುದೇ ಇಲ್ಲ. ಪ್ಲಗ್ ತಿಕ್ಕಿ, ಒಂದು ಅಳತೆ ಡಬ್ಬಿ ಕೊಟ್ಟು ಕಳಿಸಿದೆ. ಹೊಗೆ ನಿಂತಿತು. ವಾರದೊಳಗೆ ಆಯಿಯಿಂದ ದೂರು ಬಂತು: "ಮಿಸ್ತ್ರಿ ಏನ್ ಕೆಡಸ್ಯಾನೋ ಏನೋ, ಓಣ್ಯಾಗ ಮತ್ತ ಸೊಳ್ಳಿ ಬಂದಾವು!"

ಬೇವಿನ ಮರದ ಹಟ

ಚಾಚಾನ ಓಣಿಯ ಬಾಯಿಯಲ್ಲೇ ಬೇವಿನ ಮರವೊಂದು ದಾರಿಗೆ ವಾಲಿತ್ತು. ಬೀಳುವ ಮೊದಲೇ ಕೊಯ್ಯೋಣವೆಂದು ಎಲ್ಲರೂ ಒಪ್ಪಿದರು. ಮಷೀನು ಭರ್ರೆಂದಿತು, ಆದರೆ ತೊಗಟೆ ಸುಟ್ಟು ಹೊಗೆ ಎಬ್ಬಿಸಿತೇ ಹೊರತು ಒಳಗಿಳಿಯಲಿಲ್ಲ. ನನಗೆ ಕರೆ ಬಂತು. ನಾನು ತಲುಪುವಷ್ಟರಲ್ಲಿ ಮರಕ್ಕೆ ಅರಿಶಿನ ಕುಂಕುಮ ಏರಿ, ಹಸಿರು ಖಣ ಸುತ್ತಿ, ಕಾಯಿ ಒಡೆದಾಗಿತ್ತು. ಗಂಡಸರೆಲ್ಲ ಚಪ್ಪಲಿ ಬಿಟ್ಟು ನಿಂತಿದ್ದರು, ಚಾಚಾ ಕೂಡ.

ಮಷೀನು ಎತ್ತಿ ನೋಡಿದೆ. ಮರ ಕೊಯ್ಯುವ ಚೈನಿನ ಹಲ್ಲು ಮಸೆದು ಮತ್ತೆ ಜೋಡಿಸುವಾಗ ಅದು ಉಲ್ಟಾ ಕೂತಿತ್ತು.

"ಮರದಾಗ ದೇವಿ ಗೀವಿ ಏನೂ ಇಲ್ರಿ. ಚೈನ್ ಉಲ್ಟಾ ಹಾಕ್ಯಾರ," ಅಂದೆ.

ಆಯಿ ನನ್ನನ್ನು ಕರುಣೆಯಿಂದ ನೋಡಿದಳು. "ಖರೇನ. ದಿನಾ ಸರಿ ಹಾಕಾಂವ ಇವತ್ತ ಯಾಕ ಉಲ್ಟಾ ಹಾಕಿದ? ಹಾಕಿಸಿದಾಕಿ ಯಾರು?"

ನಟ್ಟು ತಿರುವುವ ಯಾವ ಪಾನಾ ಇದಕ್ಕೆ ಹಚ್ಚುವುದು? ಚೈನು ಸರಿ ಮಾಡಿದೆ. ಮಷೀನು ತಯಾರಾಯಿತು. ಕೊಯ್ಯಲು ಒಬ್ಬನೂ ತಯಾರಾಗಲಿಲ್ಲ.

ಹಣೆಗೆ ವಿಭೂತಿ

ಕೊನೆಗೂ ನಿಕಾಹ್ ಗೊತ್ತಾಯಿತು. ವರ ಬಿಳೂರಿನವನು. ಮದುವೆಯ ಮುಂಜಾನೆ ಬೀಸಿದ ಗಾಳಿಮಳೆಗೆ ಅದೇ ಬೇವು ಓಣಿಗೆ ಅಡ್ಡ ಬಿತ್ತು. ಎರಡೂ ಕಡೆ ಗೋಡೆ, ನಡುವೆ ಕೊಂಬೆ. ಆಡು ಕೂಡ ನುಸುಳುವಂತಿರಲಿಲ್ಲ. ಆಚೆ ವರನ ಟೆಂಪೊ, ಈಚೆ ಹಂದರ. ವರನ ಚಿಕ್ಕಪ್ಪ ಆಗಲೇ ಶುರು ಮಾಡಿದ್ದ: "ಇದ್ ಅಪಶಕುನ ಐತಿ. ಹೊಳ್ಳಿ ಹೋಗೂಣು ನಡೀರಿ."

ಚಾಚಾನ ಮುಖ ನೋಡಲಾಗಲಿಲ್ಲ. ಎಲ್ಲರೂ ಆಯಿಯ ಕಡೆ ತಿರುಗಿದರು. "ದೇವಿ ತಾನ ಮಲಗ್ಯಾಳ ಅಂದ್ರ ಒಪ್ಪಿಗಿ ಕೊಟ್ಟಾಳ. ಲಗೂನ ಕೊಯ್ರಿ," ಅಂದಳು.

ಹಗ್ಗ ಎಳೆದರೆ ಮಷೀನು ಗೊಕ್ ಗೊಕ್ ಕೆಮ್ಮಿ, ರೇಸ್ ಕೊಟ್ಟರೆ ಕುತ್ತಿಗೆ ಹಿಸುಕಿದಂತೆ ನರಳಿ ಸತ್ತಿತು. ಮದುವೆಗೆಂದು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ನಾನು ಕೆಸರಲ್ಲೇ ಕೂತೆ. ಮೊದಲು ಚೈನು ನೋಡಿದೆ, ಸರಿ ಇತ್ತು. ಆಯಿಲ್ ಅಳತೆ ಸರಿ. ಪೆಟ್ರೋಲ್ ಹೊಸದು. ಪ್ಲಗ್ ಒರೆಸಿ ಹಾಕಿದರೂ ಅದೇ ಕೆಮ್ಮು. ಆಚೆ ಟೆಂಪೊ ಚಾಲೂ ಆದ ಸದ್ದು ಕೇಳಿಸಿತು. ಕೊನೆಗೆ ಮೇಲಿನ ಮುಚ್ಚಳ ಬಿಚ್ಚಿದೆ. ಗಾಳಿ ಸೋಸುವ ಏರ್ ಫಿಲ್ಟರ್ ಮುಚ್ಚಿಹೋಗಿತ್ತು. ಅದರ ತುಂಬ ಬೂದಿ!

"ಅದು ವಿಭೂತಿ," ಅಂದಳು ಆಯಿ ಸಂತೋಷದಿಂದ. "ದಿನಾ ಮುಂಜಾನೆ ಅದರ ಹಣಿಗೆ ಹಚ್ಚೇನಿ. ನಮ್ಮ ಹುಡಿಗಿ ಲಗ್ನಾ ಸುಸೂತ್ರ ಆಗ್ಲಿ ಅಂತ."

ಮಷೀನಿನ ಹಣೆಯೆಂದು ಆಕೆ ತಿಳಿದದ್ದು ಗಾಳಿ ಒಳಗೆಳೆಯುವ ಕಂಡಿಗಳನ್ನು. ಫಿಲ್ಟರ್ ಬಡಿದೆ, ಪೆಟ್ರೋಲಿನಲ್ಲಿ ತೊಳೆದೆ, ನನ್ನ ಇಸ್ತ್ರಿ ಅಂಗಿಯಿಂದಲೇ ಒರೆಸಿದೆ. ಹಗ್ಗ ಎಳೆದೆ. ಅಬ್ಬಾ, ಆ ಗರ್ಜನೆ! ವರನ ಚಿಕ್ಕಪ್ಪ ಬಾಯಿ ಮುಚ್ಚಿದ. ಮರ ತುಂಡಾಯಿತು, ಟೆಂಪೊ ಒಳಗೆ ಬಂತು, ಹಂದರದಲ್ಲಿ 'ಕಬೂಲ್' ಕೇಳಿಸಿತು. ಚಾಚಾ ನನ್ನನ್ನು ತಬ್ಬಿಕೊಂಡು ಅತ್ತ. ನನಗೂ ಕಣ್ಣು ತುಂಬಿತು.

ಊಟವಾದ ಮೇಲೆ ಆಯಿಗೆ ಮಷೀನು ತೋರಿಸಿ ಮೆಲ್ಲಗೆ ತಿಳಿಸಿ ಹೇಳಿದೆ: "ಆಯಿ, ಅದು ಹಣಿ ಅಲ್ರಿ, ಮೂಗು. ಮಷೀನ್ ಅಲ್ಲಿಂದ ಉಸರಾಡತೈತಿ."

ಆಯಿ ಕಣ್ಣರಳಿಸಿದಳು. "ಉಸರಾಡತೈತಿ?"

"ಹೌದ್ರಿ, ನಮ್ಮಂಗ."

"ಅಯ್ಯ ಶಿವನ! ಹಂಗಾದ್ರ ಜೀವ ಐತ್ಯೋ ಯಪ್ಪಾ ಇದಕ್ಕ!" ಎಂದು ಭಕ್ತಿಯಿಂದ ಕೈಮುಗಿದವಳು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಸೊಂಟದ ಚೀಲ ಬಿಚ್ಚಿ ಅದರ ಮೂಗಿನ ತುಂಬ ವಿಭೂತಿ ಸುರಿದೇಬಿಟ್ಟಳು.