ಕಿಟಕಿ ಪಕ್ಕದ ವಿಂಡೋಸ್, ಬಾಗಿಲ ಪಕ್ಕದ ಲಿನಕ್ಸ್

ಕಂಪ್ಯೂಟರ್ ಇರುವ ಕೋಣೆಯಲ್ಲಿ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ತಾಳವಾಡಿ ಹತ್ತಿರದ ನಮ್ಮ ಶಾಲೆಯಲ್ಲಿ ಇರುವುದು ಎರಡೇ. ಕಿಟಕಿ ಪಕ್ಕದ್ದರಲ್ಲಿ ವಿಂಡೋಸ್, ಬಾಗಿಲ ಪಕ್ಕದ್ದರಲ್ಲಿ ಲಿನಕ್ಸ್. ಲಿನಕ್ಸ್ ಹಾಕಿದವಳು ಇಲ್ಲೇ ಟೀಚರಾಗಿದ್ದ ನನ್ನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಅದರ ಸ್ಪೀಕರನ್ನು ನಾನು ಆರಿಸಿಯೇ ಇಟ್ಟಿದ್ದೆ.

ಮೊನ್ನೆ ಹೆಡ್‌ಮಾಸ್ಟರು, "ಎರಡರಲ್ಲೂ ಒಂದೇ ಇರಲಿ ಸಾರ್. ಯಾವುದು ಗಟ್ಟಿ, ಹೊಸಬರಿಗೆ ಯಾವುದು ಸಲೀಸು ನೋಡಿ ಹೇಳಿ. ಇನ್ನೊಂದನ್ನು ಅಳಿಸಿಬಿಡೋಣ" ಎಂದರು. ಅವಳದನ್ನು ಅಳಿಸುವುದು ನನಗೆ ಬೇಡವಾಗಿತ್ತು. ಆದರೂ ಪರೀಕ್ಷೆಯಲ್ಲಿ ಪಕ್ಷಪಾತ ಮಾಡಲಿಲ್ಲ.

ಗಟ್ಟಿತನ

ದೊಡ್ಡಗಾಜನೂರಿನ ರೈತರೊಬ್ಬರನ್ನು, ನಮ್ಮ ಪೋಷಕರ ಸಂಘದ ಅಧ್ಯಕ್ಷರನ್ನು, ಕರೆದೆ. ಎರಡನ್ನೂ ಒಂದಿಷ್ಟು ಒತ್ತಿ ನೋಡಿ, ಎದ್ದು ಹೋಗಿ ಮೈನ್ ಸ್ವಿಚ್ಚನ್ನೇ ಇಳಿಸಿದರು.

"ಅಣ್ಣ, ಹಂಗೆಲ್ಲ ಆರಿಸಬಾರದು!"

"ಒಲದ್ ಮೋಟ್ರುನ ಇಂಗೇ ಕಣ್ ಮೇಷ್ಟ್ರೆ ನಿಲ್ಸದು. ತಿರ್ಗ ಆಕ್ತೀನಿ, ಯಾವ್ದು ಏಳ್ತದೋ ನೋಡನ."

ಸಮಾಧಾನವಾಗುವವರೆಗೆ ಇಳಿಸಿದರು, ಏರಿಸಿದರು. ಎರಡೂ ಎದ್ದವು. ಏಳದೆ ಹೋದದ್ದು ಹೆಡ್‌ಮಾಸ್ಟರ ಕೋಣೆಯ ಫ್ಯಾನು.

ಸಲೀಸು

ಬಿಸಿಯೂಟದ ಅಡುಗೆಯ ಅಕ್ಕ ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ವಿಂಡೋಸ್ ಮುಂದೆ ಕೂರಿಸಿದೆ. ಅದು ಮಾಡಲೇ, ಇದು ಮಾಡಲೇ ಎಂದು ಅದು ಕೇಳುತ್ತಲೇ ಇತ್ತು.

"ನಮ್ಮತ್ತ ಇದ್ದಂಗದ ಕಣ್ ಸಾ. ಒಂದ್ಗಳ್ಗ ಸುಮ್ನಿರದಿಲ್ಲ."

ಆ ಅತ್ತೆಯ ಮುಂದಿನಿಂದ ಎಬ್ಬಿಸಿ ಲಿನಕ್ಸ್ ಮುಂದೆ ಕೂರಿಸಿದೆ. ಅದು ಏನನ್ನೂ ಕೇಳಲಿಲ್ಲ. "ಇದು ನಮ್ ಯಜಮಾನ್ರು. ಬಾಯೇ ಬುಡದಿಲ್ಲ."

"ಎರಡರಲ್ಲಿ ಯಾವುದು ಸಲೀಸು, ಅಕ್ಕ?"

"ಎರಡ್ರ ಜೊತೆಗೂ ಬಾಳ್ಬೋದು ಸಾ. ನಾ ಬಾಳ್ತಿಲ್ವಾ?"

ತೀರ್ಪು

"ಸಮ ಅಂದ್ರೆ ವಿಂಡೋಸೇ ಇರಲಿ" ಎನ್ನುತ್ತ ಮರುದಿನ ಹೆಡ್‌ಮಾಸ್ಟರು ಬೂಟು ಹಾಕಿಕೊಂಡೇ ಒಳಗೆ ಬಂದರು. ಆ ಕೋಣೆಗೆ ಎಲ್ಲರೂ ಚಪ್ಪಲಿ ಆಚೆ ಬಿಟ್ಟು ಬರುತ್ತೇವೆ. ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಳಿಸಲೆಂದು ಲಿನಕ್ಸ್ ಶುರು ಮಾಡಿದೆ. ಬೆಳಿಗ್ಗೆ ಮೇಜು ಒರೆಸುವಾಗ ಅಕ್ಕ ಸ್ಪೀಕರಿನ ಗುಂಡಿ ತಿರುಗಿಸಿಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಶುರು ಮಾಡಿದಾಗಲೆಲ್ಲ ಮಕ್ಕಳಿಗೆ ಕೇಳಲೆಂದು ನನ್ನ ಹೆಂಡತಿ ಅದರಲ್ಲಿ ತುಂಬಿಸಿಟ್ಟಿದ್ದ ತನ್ನದೇ ದನಿ ಕೋಣೆ ತುಂಬ ಕೇಳಿತು:

"ಯಾರ್ಲಾ ಅದು ಚಪ್ಲಿ ಆಕಂಡ್ ಬಂದಿರದು? ಆಚ ಬುಟ್ಬುಟ್ ಬಾ!"

ಹೆಡ್‌ಮಾಸ್ಟರು ದಡಕ್ಕನೆ ತಿರುಗಿ ಆಚೆ ಓಡಿದರು. ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಂದರು.

"ಇದನ್ನು ಅಳಿಸಬೇಡಿ ಸಾರ್. ಎರಡೂ ಇರಲಿ."

ಸ್ಪೀಕರ್ ಆರಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಗಲ್ಲಕ್ಕೆ ಕೈಯಿಟ್ಟುಕೊಂಡರು.

"ಇದ್ನ ನಮ್ ಯಜಮಾನ್ರು ಅಂದ್ಬುಟ್ನಲ್ಲ ಸಾ! ಇದು ನಮ್ಮತ್ತಗೂ ಅತ್ತ!"